ಹೋಗಿ ಬರ್ತೀನಿ

ಪರದೇಶಕ್ಕೆ ಓದಲು ಬಂದ ನನ್ನ ರೂಮ್‌ಮೇಟ್‌ಗೆ ಕಾಲಲ್ಲಿ ಚಕ್ರವಿದೆ. ಕಾಲೇಜಿಗೆ ಮೂರು ದಿನ ರಜೆ ಅಂದರೆ ಸಾಕು, ಬೆನ್ನಿಗೆ ಚೀಲ ಏರಿಸಿ ಪಕ್ಕದ ದೇಶದ ರೈಲು ಹತ್ತಿರುತ್ತಾಳೆ. ಮ್ಯೂಸಿಯಂನಲ್ಲಿ ಒಂದೊಂದು ಚಿತ್ರದ ಮುಂದೆಯೂ ನೆಂಟರ ಮನೆಗೆ ಬಂದವಳ ಹಾಗೆ ನಿಂತು ಯೋಗಕ್ಷೇಮ ವಿಚಾರಿಸುತ್ತಾಳೆ. ಭಾಷೆ ಬಾರದ ಊರಲ್ಲಿ ದಾರಿ ಕೇಳಲು ಹೋದವಳು ಅರ್ಧ ಗಂಟೆಯಲ್ಲಿ ದಾರಿ ಹೇಳಿದವರ ಮಗುವನ್ನು ಎತ್ತಿಕೊಂಡಿರುತ್ತಾಳೆ. ಇನ್ನು ಅವಳು ಹೊರಡುವ ವೈಭವವನ್ನಂತೂ ನೋಡಬೇಕು! ಮಲಗಿದ್ದ ಬಾಡಿಗೆ ಮಂಚಕ್ಕೆ, ಸೇತುವೆಗೆ, ಮೂಗು ಮುಕ್ಕಾದ ಕಲ್ಲಿನ ರಾಜನಿಗೆ, ಟಿಕೆಟ್ ನೋಡುವವನಿಗೆ, ಎಲ್ಲರಿಗೂ ಅಚ್ಚ ಕನ್ನಡದಲ್ಲಿ "ಹೋಗಿ ಬರ್ತೀನಿ" ಅನ್ನಲೇಬೇಕು. ಒಮ್ಮೆ ಗಡಿಯಾರದ ಗೋಪುರಕ್ಕೆ ಹೇಳುವುದು ಮರೆತುಹೋಯಿತೆಂದು ವಾಪಸ್ ಓಡಿ, ಜೊತೆಗಿದ್ದ ನನಗೂ ರೈಲು ತಪ್ಪಿಸಿದಳು. "ಆ ಗೋಪುರ ಏನು ನಿನ್ನ ಸೋದರಮಾವನೇನೇ?" ಎಂದು ರೇಗಿದೆ. ಅವಳು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಚೀಲದ ಪಟ್ಟಿಯನ್ನು ಬಿಗಿದು, ಸಡಿಲಿಸಿ, ಮತ್ತೆ ಬಿಗಿದಳು. "ಇಲ್ಲಿಗೆ ಹೊರಟ ದಿನ ಕಾರು ಹತ್ತೋ ಅವಸರದಲ್ಲಿ ಅಜ್ಜಿಗೆ ಬರೀ 'ಹೋಗ್ತೀನಿ' ಅಂದ್ಬಿಟ್ಟೆ ಕಣೆ. 'ಹೋಗಿ ಬರ್ತೀನಿ ಅನ್ನೇ' ಅಂತ ಗೇಟಿನವರೆಗೂ ಬಂದಳು. ನಾನು ನಗ್ತಾ ಕೈ ಬೀಸಿದೆ. ಎರಡೇ ತಿಂಗಳಿಗೆ ಅಜ್ಜಿನೇ ಹೋಗಿಬಿಟ್ಟಳು." ಮುಂದಿನ ರೈಲು ಬಂದಾಗ ಆ ಬೆಂಚಿಗೆ, ಅವಳಿಗಿಂತ ಮೊದಲು, ನಾನೇ "ಹೋಗಿ ಬರ್ತೀವಿ" ಎಂದೆ.