ಸೋಪಿನ ಬಗ್ಗೆ ಎಂಟು ಜನರ ಅಭಿಪ್ರಾಯ

ಇನ್ನೊಬ್ಬರ ಮಾತು ಕೇಳುವುದಕ್ಕೆ ಒಂದು ಕಾಲದಲ್ಲಿ ನನಗೆ ಸಂಬಳ ಬರುತ್ತಿತ್ತು ಎಂದರೆ ನನ್ನ ಹೆಂಡತಿ ಇಂದಿಗೂ ನಂಬುವುದಿಲ್ಲ. ಮಹಾರಾಜರ ಕಾಲದ ಮಾತು. ಬಟ್ಟೆ ಸೋಪಿನ ಒಂದು ಕಂಪನಿಗೆ ನಮ್ಮ ಸೀಮೆಯಲ್ಲಿ ಹೊಸ ಸೋಪು ಮಾರುವ ಆಸೆ ಹುಟ್ಟಿತು. ಮಾರುವ ಮೊದಲು ಜನರ ಮನಸ್ಸು ತಿಳಿಯಬೇಕೆಂದು ಬೆಂಗಳೂರಿನ ಮ್ಯಾನೇಜರು ನನ್ನನ್ನು ಊರೂರಿಗೆ ಅಟ್ಟಿದರು. ಎಂಟು ಜನರನ್ನು ಕೂರಿಸು, ಸೋಪು ತೋರಿಸು, ಅವರ ಬಾಯಿಗೆ ನಿನ್ನ ಮಾತು ತುರುಕಬೇಡ, ಹೇಳಿದ್ದನ್ನು ಬರೆದುಕೋ. ಇಷ್ಟೇ ಅಪ್ಪಣೆ.

ಮೊದಲ ಸಭೆ ಮಧುಗಿರಿಯ ಛತ್ರದ ಜಗಲಿಯಲ್ಲಿ. ನಾನು ಕರೆದವರು ಏಳು ಜನ. ಎಂಟನೆಯವರಾಗಿ ಪಟೇಲರು ತಾವೇ ಬಂದು ನಡುವೆ ಕೂತರು. ಸೋಪನ್ನು ಮೂಸಿ, ವಾಸನೆ ಬಲು ಚೆನ್ನಾಗೈತೆ ಅಂದರು. ಮಿಕ್ಕವರೂ ಸರದಿಯಂತೆ ಮೂಸಿ ಗೌಡ್ರು ಹೇಳಿದ್ದು ದಿಟ ಅಂದರು. ಅವರಲ್ಲೊಬ್ಬನಿಗೆ ನೆಗಡಿಯಾಗಿ ಮೂಗೇ ಕಟ್ಟಿತ್ತು. ವಾಸನೆ ಅವನಿಗೂ ಹಿಡಿಸಿತು. ಕೊರಟಗೆರೆಯಲ್ಲಿ ಪಟೇಲರ ಬದಲು ಶಾನುಭೋಗರು. ಪಾವಗಡದಲ್ಲಿ ಅದೇ ಹೊಗಳಿಕೆ ತೆಲುಗಿನಲ್ಲಿ ಬಂತು. 'ಬಾಗುಂದಿ' ಎಂದು ಎಂಟು ಸಲ ಬರೆದುಕೊಂಡೆ. ನಮ್ಮ ಹಿರಿಯರು ಶ್ರವಣವಾದ ಮೇಲೆ ಮನನ ಮಾಡಬೇಕು ಎಂದಿದ್ದಾರೆ. ಕಂಪನಿಗೆ ಶ್ರವಣವಾದ ಮೇಲೆ ಟಪಾಲು ಸಾಕಿತ್ತು. ಮ್ಯಾನೇಜರು ನನ್ನ ಜಾಣತನವನ್ನು ಮೆಚ್ಚಿ ಕಾಗದ ಬರೆದರು, ನಾನೂ ನಂಬಿದೆ.

ಶಿರಾದ ಹತ್ತಿರ ತಾವರೆಕೆರೆಯಲ್ಲಿ ಮೇಷ್ಟರ ಮನೆಯಂಗಳದಲ್ಲಿ ಸಭೆ ಸೇರಿತ್ತು. ಮಡಿವಾಳರ ನರಸಕ್ಕ ಒಗೆದ ಬಟ್ಟೆಯ ಗಂಟು ಕೊಡಲು ಬಂದವಳು ಬಾಗಿಲಲ್ಲೇ ನಿಂತು ಎಂಟೂ ಜನರ ಹೊಗಳಿಕೆ ಕೇಳಿದಳು. ಆಮೇಲೆ ಗಂಟು ಇಳಿಸಿ ನನ್ನನ್ನು ಕೇಳಿದಳು:

"ಇವ್ರೊಳಗೆ ಬಟ್ಟೆ ಒಗೆಯೋರು ಯಾರು ಸ್ವಾಮಿ?"

ಮೇಷ್ಟರು ಪಂಚೆಯ ಅಂಚು ಸರಿಮಾಡಿಕೊಂಡರು. ನಾನು ಪುಸ್ತಕ ಮುಚ್ಚಿದೆ. ನನ್ನ ಪಂಚೆಯನ್ನೂ ನಾನೆಂದೂ ಒಗೆದವನಲ್ಲ.

ಮಾರನೆಯ ದಿನ ಅವಳನ್ನೇ ಬೇಡಿಕೊಂಡು ಎಂಟು ಹೆಂಗಸರನ್ನು ಸೇರಿಸಿದೆ. ನನ್ನೆದುರು ಅವರು ಬಾಯಿ ಬಿಡಲಿಲ್ಲ. ತಲೆಗೊಂದು ಸೋಪು ಕೊಟ್ಟು, ಒಗೆದು ನೋಡಿ ಎಂದು ಹೇಳಿ ಹೊರಟುಬಂದೆ. ಹದಿನೈದು ದಿನ ಬಿಟ್ಟು ಹೋದಾಗ ಅವರು ಮಾತಾಡುವ ಬದಲು ಅಂಗೈ ಚಾಚಿದರು. ಚರ್ಮ ಸುಲಿದು, ಬೆರಳ ಸಂದಿನಲ್ಲಿ ಬಿರುಕು ಬಿಟ್ಟಿತ್ತು. ಒಬ್ಬಳಿಗೆ ರಾಗಿಮುದ್ದೆ ಮುರಿಯಲೂ ಆಗುತ್ತಿರಲಿಲ್ಲ. ಕೊಟ್ಟವನು ನಾನೇ ಎಂಬುದು ನೆನಪಾಗಿ ತಲೆ ತಗ್ಗಿಸಿದೆ.

"ಬಟ್ಟೆ ಬೆಳ್ಳಗಾಯ್ತು, ಸುಳ್ಳು ಹೇಳಾಕಿಲ್ಲ," ಅಂದಳು ನರಸಕ್ಕ. "ಆದ್ರೆ ಬಟ್ಟೆ ನಿಮ್ದು, ಕೈ ನಮ್ದು."

ಅದನ್ನು ಹಾಗೆಯೇ ಬರೆದು ಕಳಿಸಿದೆ. ಮ್ಯಾನೇಜರು ಕರೆಸಿಕೊಂಡರು. ಅಂಗಡಿಯಲ್ಲಿ ಸೋಪು ಕೊಳ್ಳುವವರು ಯಾರು ಎಂದರು. ಗಂಡಸರು ಎಂದೆ. ಮತ್ತೆ ಹೆಂಗಸರನ್ನು ಯಾಕೆ ಕೇಳಿದೆ ಎಂದರು. ಆ ಹಾಳೆ ಹರಿದು ಬೇರೆ ಬರೆದುಕೊಡಬೇಕಂತೆ. ಊರಿನಲ್ಲಿ ಹೆಂಡತಿ, ಎರಡು ಮಕ್ಕಳು ನನ್ನ ಸಂಬಳ ಕಾಯುತ್ತಿದ್ದರು. ಆದರೂ ಆ ಅಂಗೈಗಳು ಕಣ್ಣಮುಂದಿದ್ದವು, ಕೈ ಏಳಲಿಲ್ಲ. ಕೆಲಸ ಹೋಯಿತು. ಇದು ಶೌರ್ಯವೆಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಹೆಂಡತಿ ಮಾತ್ರ, ಮೊದಲೇ ಒಗೆಯುವವರನ್ನು ಕೇಳಿದ್ದರೆ ಇಷ್ಟು ಶೌರ್ಯ ಬೇಕಿರಲಿಲ್ಲ ಎಂದಳು.

ಸೋಪು ಅಂಗಡಿಗೆ ಬಂದೇ ಬಂತು, ಹೊದಿಕೆಯ ಮೇಲೆ ಹೂವಿನಂಥ ಕೈಗಳ ಚಿತ್ರದೊಂದಿಗೆ. ಗಂಡಸರು ಹೆಮ್ಮೆಯಿಂದ ಕೊಂಡು ತಂದರು. ಹೆಂಗಸರು ಅದನ್ನು ಅಟ್ಟಕ್ಕೇರಿಸಿ, ಎಂದಿನಂತೆ ಚೌಳು ಮಣ್ಣಿನಲ್ಲೇ ಒಗೆದರು. ಶಿರಾದ ಸಂತೆಯಲ್ಲಿ ಪಂಚೆ ತೋರಿಸಿ ಸೋಪನ್ನು ಹೊಗಳುವವರು ಎಷ್ಟೋ ಜನ ಸಿಕ್ಕರು. ಎರಡನೆಯ ಸೋಪು ಕೊಂಡವರು ಸಿಗಲಿಲ್ಲ.

ವರ್ಷದ ಮೇಲೆ ತಾವರೆಕೆರೆಗೆ ಹೋಗಿದ್ದೆ. ನರಸಕ್ಕನ ಕೈ ವಾಸಿಯಾಗಿತ್ತು. ನನ್ನ ಕೊಳೆ ಅಂಗಿಯನ್ನು ತಾನೇ ಕೇಳಿ ಇಸಕೊಂಡು, ಸಂಜೆಗೆ ಮಲ್ಲಿಗೆಯ ಹಾಗೆ ಮಾಡಿ ತಂದಳು. ಚೌಳಿನ ಜೊತೆ ಏನು ಬೆರೆಸುತ್ತೀಯ ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳು ತಡೆದಳು.

"ಕೇಳ್ಬ್ಯಾಡಿ ಸ್ವಾಮಿ. ಕೇಳಿದ್ರೆ ಬರ್ಕೊಂಬುಡ್ತೀರ."

ಅಂಗಿ ತೊಟ್ಟುಕೊಂಡು ಹೊರಟೆ.