ಇಂಜಿನ್ ಬಿಚ್ಚುವಾಗ ಎದುರಿಗಿರಬೇಕು

ಮೇಸ್ತ್ರಿಯ ಎರಡು ಕೈಗಳೂ ಮೊಣಕೈವರೆಗೆ ಎಣ್ಣೆ ಹತ್ತಿ ಕಪ್ಪಗಿರುತ್ತಿದ್ದವು. ಬಲಗೈಯ ತೋರುಬೆರಳೊಂದು ಮಾತ್ರ ಯಾವಾಗಲೂ ಶುಭ್ರ. ಹೆಗಲ ಮೇಲಿನ ಬಟ್ಟೆಯಲ್ಲಿ ಗಳಿಗೆಗೊಮ್ಮೆ ಅದನ್ನು ಒರೆಸಿಕೊಳ್ಳುವರು, ಸ್ಪ್ಯಾನರ್ ಹಿಡಿದಾಗಲೂ ಅದನ್ನು ಎತ್ತಿಯೇ ಇರುವರು. ಇಂಜಿನ್ನಿನ ಒಳಗೋಡೆಯಲ್ಲಿ ಗೀರು ಬಿದ್ದಿದೆಯೋ ಇಲ್ಲವೋ ಎಂದು ನೋಡಲು ಅವರಿಗಿದ್ದದ್ದು ಆ ಬೆರಳೇ. ಜಿಡ್ಡು ಹತ್ತಿದ ಬೆರಳು ಸುಳ್ಳು ಹೇಳುತ್ತದೆ ಎನ್ನುವರು.

ಮುಳಬಾಗಿಲಿನ ಬೈಪಾಸಿನ ಪಕ್ಕ ಅವರ ಕಾರು ರಿಪೇರಿ ಶೆಡ್ಡು. ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವ ಮನುಷ್ಯ. ಒಳ್ಳೆಯವರು. ಆದರೆ ಅವರಷ್ಟು ನನ್ನ ತಲೆ ತಿಂದವರು ಇನ್ನೊಬ್ಬರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಾರು ಅಪ್ಪ ಕೊಂಡದ್ದು. ಅಪ್ಪ ಹೋದಮೇಲೆ ಅಮ್ಮನ ಕಿಡ್ನಿ ಕೆಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಅವಳನ್ನು ಕೋಲಾರಕ್ಕೆ ಕರೆದೊಯ್ಯುತ್ತಿದ್ದದ್ದು ಅದರಲ್ಲೇ. ಒಂದು ಶುಕ್ರವಾರ ವಾಪಸ್ ಬರುವಾಗ ಬಾನೆಟ್ಟಿನಿಂದ ಆವಿ ಎದ್ದು ಕಾರು ಹೆದ್ದಾರಿಯಲ್ಲೇ ನಿಂತಿತು. ಸೂಜಿ ಚುಚ್ಚಿಸಿಕೊಂಡು ಸುಸ್ತಾಗಿದ್ದ ಅಮ್ಮ ರಸ್ತೆ ಬದಿಯ ಹುಣಸೆ ಮರದ ಕೆಳಗೆ ಒಂದು ಗಂಟೆ ಕೂತಳು. "ಪರವಾಗಿಲ್ಲ ಬಿಡೋ" ಎಂದಳು. ಬೈದಿದ್ದರೇ ವಾಸಿಯಿತ್ತು.

ಕೋಲಾರದ ಗುಜರಿ ಅಂಗಡಿಯಲ್ಲಿ ಅದೇ ಮಾಡೆಲ್ಲಿನ ಇಂಜಿನ್ ಒಂದಿತ್ತು. ಹಳೆಯದನ್ನು ಇಳಿಸಿ ಅದನ್ನು ಕೂರಿಸಿದರೆ ಮಂಗಳವಾರ ಅಮ್ಮನನ್ನು ಕಾರಲ್ಲೇ ಕರೆದೊಯ್ಯಬಹುದು. ನನಗೆ ಬೇಕಿದ್ದದ್ದು ಅಷ್ಟೇ. ಮೇಸ್ತ್ರಿ ತಲೆ ಅಲ್ಲಾಡಿಸಿದರು.

"ಬಿಚ್ಚಿ ನೋಡ್ದೆ ಹೆಂಗ್ ಸಾರ್ ಹೇಳೋದು? ಬಿಚ್ಚೋವಾಗ ನೀವು ಎದುರಿಗಿರ್ಬೇಕು."

"ಬಿಚ್ಚೋದೇ ಬೇಡ ಮೇಸ್ತ್ರಿ. ಎತ್ತಿ ಬಿಸಾಕಿ, ಅದನ್ನ ಕೂರ್ಸಿ."

"ಓನರ್ ಇಲ್ದೆ ನಾನು ಒಂದು ನಟ್ಟೂ ತೆಗೆಯಲ್ಲ ಸಾರ್."

ಇದು ಅವರ ಪದ್ಧತಿ. ಕಾರು ಯಾರದೋ ಅವರು ಕೆಲಸ ಬಿಟ್ಟು ಬಂದು, ಶೆಡ್ಡಿನ ಮುರುಕು ಸ್ಟೂಲಿನ ಮೇಲೆ ಕೂತು ನೋಡಲೇಬೇಕು. ನಾನು ತಾಲ್ಲೂಕು ಕಚೇರಿಯ ಗುಮಾಸ್ತ. ಸಾಹೇಬರ ಕಾಲು ಹಿಡಿದು ಸೋಮವಾರ ರಜೆ ಹಾಕಿ ಹೋದರೆ ಶೆಡ್ಡಿಗೆ ಬೀಗ. ಮಧ್ಯಾಹ್ನ ಮೇಸ್ತ್ರಿ ಹಣೆಗೆ ಕುಂಕುಮ ಇಟ್ಟುಕೊಂಡು ಬಂದರು. ಕುರುಡುಮಲೆಗೆ ಹೋಗಿದ್ದರಂತೆ. "ನಿಮ್ ಇಂಜಿನ್ ವಿಷ್ಯಾನೇ ಗಣಪತಿಗೆ ಹೇಳ್ಬಂದೆ ಸಾರ್. ಇವತ್ತು ಬೇಡ, ಬುಧವಾರ ಬನ್ನಿ." ನಾನು ಏನು ಬೈದೆನೋ ಇಲ್ಲಿ ಬರೆಯಲಾರೆ. ಮಂಗಳವಾರ ಅಮ್ಮ ಬಾಡಿಗೆ ಕಾರು ಬೇಡವೆಂದು ಹಟ ಹಿಡಿದು ಬಸ್ಸಿನಲ್ಲಿ ಹೋಗಿಬಂದಳು. ಇಳಿಯುವಾಗ ಅವಳ ಕಾಲು ನಡುಗುತ್ತಿತ್ತು.

ಬುಧವಾರ ಹಲ್ಲು ಕಚ್ಚಿಕೊಂಡು ಸ್ಟೂಲಿನ ಮೇಲೆ ಕೂತೆ. ಒಂದೊಂದು ನಟ್ಟನ್ನೂ ನನಗೆ ತೋರಿಸಿ ತಟ್ಟೆಯಲ್ಲಿ ಜೋಡಿಸಿದರು. ಇಂಜಿನ್ನಿನ ಮೇಲಿನ ಹೆಡ್ ಎತ್ತಿಟ್ಟು, ತಮ್ಮ ಬೆರಳು ಒಳಗೆ ಆಡಿಸಿ ನೋಡಿ, ಹೆಗಲ ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು.

"ಒರೆಸ್ಕೊಂಡು ನೀವೂ ಬೆರಳಿಡಿ. ಗೀರು ಸಿಕ್ತಾ?"

ಸಿಗಲಿಲ್ಲ. ನುಣ್ಣಗಿತ್ತು.

"ಚೂಡಂಡಿ, ನೋಡಿ ಸಾರ್. ಹೆಡ್ ಒಂದೇ ಕಾದು ಬಗ್ಗಿದೆ, ಲೇತ್‌ಗೆ ಕೊಟ್ಟು ಸಮ ಮಾಡಿಸ್ಬಹುದು. ಇಂಥಾದ್ದನ್ನ ಯಾಕ್ ಸಾರ್ ಬಿಸಾಕ್ಬೇಕು?"

ಆಮೇಲೆ ರೇಡಿಯೇಟರಿನ ಪೈಪು ಬಿಚ್ಚಿ ನನ್ನ ಮುಂದೆ ಹಿಡಿದರು. ಒಳಗೆಲ್ಲ ಬೆಳ್ಳಗೆ ಸುಣ್ಣ ಕಟ್ಟಿತ್ತು, ನಮ್ಮ ಬಚ್ಚಲಮನೆ ನಲ್ಲಿಯ ಬಾಯಿಗೆ ಕಟ್ಟುವಂಥದ್ದೇ. ನೀರು ಓಡದೆ ಇಂಜಿನ್ ಕಾದದ್ದು ಅದರಿಂದ. ನೀರಿನ ಬದಲು ಕೂಲೆಂಟ್ ಹಾಕಿ ಎಂದು ಅವರು ಹಿಂದೆಯೇ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದೆ, ಎರಡು ವರ್ಷ ಬೋರ್‌ವೆಲ್ ನೀರನ್ನು ಚೊಂಬಿನಲ್ಲಿ ಹಿಡಿದು ಅದಕ್ಕೆ ಸುರಿದವನು ನಾನೇ.

"ನೀವು ಕ್ಯಾನ್ ನೀರು ಕುಡೀತೀರ, ಇದಕ್ಕೆ ಬೋರ್ ನೀರು ಕುಡಿಸ್ತೀರ" ಎಂದರು ಮೇಸ್ತ್ರಿ. "ಬೇರೆ ಇಂಜಿನ್ ಹಾಕಿದ್ರೆ ಅದಕ್ಕೂ ಇದೇ ಗತಿ ಮಾಡ್ತಿದ್ರಿ."

ಅಮ್ಮನನ್ನು ಹುಣಸೆ ಮರದ ಕೆಳಗೆ ಕೂರಿಸಿದ್ದು ಕಾರಲ್ಲ, ನಾನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಅಮ್ಮಂಗೆ ಹೇಳ್ಬೇಡಿ ಮೇಸ್ತ್ರಿ" ಎಂದೆ.

"ನಾನ್ಯಾಕ್ ಸಾರ್ ಹೇಳ್ಲಿ" ಎಂದು ಬೆರಳು ಒರೆಸಿಕೊಂಡರು.

ಆಮೇಲೂ ಹತ್ತು ದಿನ ಸತಾಯಿಸಿದರು. ಫೋನ್ ಮಾಡಿದಾಗಲೆಲ್ಲ "ಸಾಯಂಕಾಲ ಆಗತ್ತೆ ಸಾರ್" ಎನ್ನುವರು, ಯಾವ ದಿನದ ಸಾಯಂಕಾಲ ಎಂದು ಮಾತ್ರ ಹೇಳುತ್ತಿರಲಿಲ್ಲ. ಕೊನೆಗೆ ತಾವೇ ಕಾರನ್ನು ಮನೆಗೆ ತಂದರು. ಏನಾಗಿತ್ತಪ್ಪಾ ಎಂದು ಅಮ್ಮ ಕೇಳಿದಾಗ, ನನ್ನ ಮುಖವನ್ನೇ ನೋಡುತ್ತ "ವಯಸ್ಸಾಯ್ತಲ್ಲಮ್ಮಾ ಅದಕ್ಕೆ" ಎಂದರು. ಅಂದಿನಿಂದ ಆ ಇಂಜಿನ್ ಒಂದು ಡಯಾಲಿಸಿಸ್ಸನ್ನೂ ತಪ್ಪಿಸಿಲ್ಲ.

ಹೋದ ತಿಂಗಳು ಮೇಸ್ತ್ರಿ ತೀರಿಕೊಂಡರು. ನೋಡಲು ಹೋದೆ. ಮನೆಯವರು ಎರಡೂ ಕೈಗಳನ್ನು ಉಜ್ಜಿ ಉಜ್ಜಿ ತೊಳೆದಿದ್ದರು. ಹತ್ತು ಬೆರಳೂ ಒಂದೇ ಬಣ್ಣಕ್ಕೆ ಬಂದಿದ್ದವು. ನನಗೆ ಅಲ್ಲಿ ನಿಲ್ಲಲಾಗದೆ ಹೊರಗೆ ಬಂದು ಅತ್ತೆ.

ಮರುದಿನ ಕೋಲಾರದ ದಾರಿಯಲ್ಲಿ ಆ ಹುಣಸೆ ಮರ ಬಂದಾಗ ತಡೆದುಕೊಳ್ಳಲಾರದೆ ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಬೋರ್‌ವೆಲ್ ನೀರು, ಸುಣ್ಣ, ಎಲ್ಲ.

"ಗೊತ್ತು ಕಣೋ" ಎಂದಳು ಅಮ್ಮ. "ಕಾರು ತಂದ್ಕೊಟ್ಟ ವಾರದಲ್ಲೇ ಮೇಸ್ತ್ರಿ ಹೇಳಿದ್ದ. ನಿಂಗೆ ಬೈಕೂಡ್ದು ಅಂತ ನನ್ ಕೈಲಿ ಮಾತು ತಗೊಂಡ. 'ಅವ್ರೇ ಬೆರಳಿಟ್ಟು ನೋಡಿದ್ದಾರಮ್ಮಾ, ಸಾಕು' ಅಂದ."

ನನಗೆ ಕೊಟ್ಟ ಮಾತು ಮುರಿದು, ನನಗೋಸ್ಕರವೇ ಅಮ್ಮನಿಂದ ಮಾತು ತೆಗೆದುಕೊಂಡಿದ್ದರು. ಹೋದಮೇಲೂ ಸಿಟ್ಟು ಬರಿಸುವ ಮನುಷ್ಯ. ಹೋಗಿ ಬೈದು ಬರೋಣವೆಂದರೆ ಶೆಡ್ಡಿಗೆ ಬೀಗ ಬಿದ್ದಿದೆ, ಈ ಸಲ ಬುಧವಾರ ಬನ್ನಿ ಎನ್ನಲೂ ಯಾರೂ ಇಲ್ಲ.