ಅಕ್ಕಾರು ನನ್ನ ಕೈ ಹಿಡಿದ ಮಧ್ಯಾಹ್ನ

ಅಕ್ಕಾರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಸುಡುವ ಹಂಚಿನ ಮೇಲೆ ಜೋಳದ ರೊಟ್ಟಿ ತಿರುವಿ ಚರ್ಮ ನುಣ್ಣಗಾಗಿ ಹೊಳೆಯುತ್ತಿತ್ತು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಗುರುತಿಸುತ್ತಲೇ ಇರಲಿಲ್ಲ. "ಇಡೀ ಪೇಟಿಗೆ ನಾ ಗೊತ್ತ, ಆ ಮಿಷನ್‌ಗೊಂದ ಗೊತ್ತಿಲ್ಲ ನೋಡ" ಎಂದು ನಗುತ್ತಿದ್ದರು. ಜೋರಾಪುರ ಪೇಟೆಯಲ್ಲಿ ನಮ್ಮ ಬಾಡಿಗೆ ಮನೆಗೂ ಅವರ ಖಾನಾವಳಿಗೂ ನಡುವೆ ಒಂದೇ ಗೋಡೆ. ಉಣ್ಣಲು ಬರುವವರಿಗೆಲ್ಲ ಅವರು ಅಕ್ಕಾರು, ನನಗೂ ಅಷ್ಟೇ.

ಆಗ ನನ್ನ ಮಗಳಿಗೆ ಮೂರೂವರೆ ವರ್ಷ. ಹಾಲು, ಬಿಸ್ಕತ್ತು ಬಿಟ್ಟರೆ ಏನನ್ನೂ ಮುಟ್ಟುತ್ತಿರಲಿಲ್ಲ. ಪಲ್ಯ ಕಂಡರೆ ಹಲ್ಲು ಕಚ್ಚಿ ಕೂರುತ್ತಿದ್ದಳು. ತೂಕ ಏರುತ್ತಿಲ್ಲ ಎಂದು ಡಾಕ್ಟರು ಹೇಳಿದ ದಿನದಿಂದ ನನಗೆ ಹೆದರಿಕೆ ಹತ್ತಿತು. ಬಬಲೇಶ್ವರದಿಂದ ಬಂದಿದ್ದ ಅತ್ತೆ, "ತಾಯಿಗೆ ಉಣಸಾಕ ಬರದಿದ್ರ ಕೂಸರ ಏನ ಮಾಡ್ತೈತಿ?" ಅಂದರು. ಮೊಬೈಲಿನಲ್ಲಿ ಹಾಡು ಹಚ್ಚಿಟ್ಟು, ಅವಳು ಮೈಮರೆತಾಗ ತುತ್ತು ತುರುಕತೊಡಗಿದೆ. ಅದಕ್ಕೂ ಬಗ್ಗದಿದ್ದರೆ ಕಾಲುಗಳ ನಡುವೆ ಒತ್ತಿ ಹಿಡಿದು, ಗಲ್ಲ ಅದುಮಿ ಬಾಯಿ ತೆರೆಸುತ್ತಿದ್ದೆ.

ಒಂದು ಮಧ್ಯಾಹ್ನ ಹಾಗೆಯೇ ಹಿಡಿದುಕೊಂಡಿದ್ದೆ. ಅವಳು ಜೋರಾಗಿ ಅಳುತ್ತಿದ್ದಳು. ತೆರೆದ ಬಾಯಿಗೆ ರೊಟ್ಟಿಯ ತುತ್ತು ಇಟ್ಟೆ. ಅಳು ತಟ್ಟನೆ ನಿಂತಿತು. ಕೆಮ್ಮೂ ಇಲ್ಲ, ಉಸಿರೂ ಇಲ್ಲ. ತುಟಿ ನೀಲಿಯಾಗತೊಡಗಿತು. ನಾನು ಚೀರಿದೆ.

ಅಕ್ಕಾರು ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಮಗುವನ್ನು ತೊಡೆಯ ಮೇಲೆ ತಲೆ ಕೆಳಗಾಗುವಂತೆ ಬೋರಲು ಹಾಕಿ ಬೆನ್ನಿಗೆ ಗುದ್ದಿದರು. ಮತ್ತೆ ಗುದ್ದಿದರು. ನಾಲ್ಕನೆಯ ಏಟಿಗೆ ತುತ್ತು ನೆಲಕ್ಕೆ ಬಿತ್ತು. ಮಗಳು ಉಸಿರೆಳೆದು ಅತ್ತಳು. ನಾನು ಎತ್ತಿಕೊಳ್ಳಲು ಕೈ ಚಾಚಿದೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅಕ್ಕಾರು ನನ್ನ ಮಣಿಕಟ್ಟು ಹಿಡಿದರು.

"ನೋಡಿದೇನ? ನಿನ್ನ ಕೈ ಕಂಡ್ರ ಅಂಜಾಕತ್ತೈತಿ. ಇವತ್ತಿಂದ ಈ ಕೂಸಿನ ಬಾಯಾಗ ತುತ್ತು ಇಡಬ್ಯಾಡ."

"ಉಣ್ಣದಿದ್ರ ಸಾಯ್ತಾಳ್ರಿ ಅಕ್ಕಾರ!"

"ಈಗೇನ ಆಗತಿತ್ತು ಮತ್ತ?"

ಅವರ ದನಿ ತಗ್ಗಿತು. "ನಾನೂ ನನ್ನ ಮಗಳಿಗೆ ಬಡದ ಉಣಿಸೀನಿ ತಂಗಿ. ಲಗ್ನ ಮಾಡಿ ನಿಡೋಣಿಗೆ ಕೊಟ್ಟೀನಿ, ಎರಡ ಮಕ್ಕಳ ತಾಯಿ ಆಗ್ಯಾಳ. ಇವತ್ತಿಗೂ ನನ್ನ ಮುಂದ ಕುಂತು ಉಣ್ಣಾಂಗಿಲ್ಲ."

ಮರುದಿನದಿಂದ ಮಗಳ ತಾಟು ಖಾನಾವಳಿಯ ಮೂಲೆಯಲ್ಲಿ, ನನ್ನ ತಾಟಿನ ಪಕ್ಕ. ಅಂಗೈಯಗಲದ ರೊಟ್ಟಿ, ಬ್ಯಾಳಿ, ನಾಲ್ಕು ಹೋಳು ಸೌತೆಕಾಯಿ. ಉಣ್ಣು ಎಂದು ಯಾರೂ ಹೇಳಬಾರದು. "ಹೊತ್ತಿಗೆ ಹಾಲ ಕೊಡು. ಬಿಸ್ಕೀಟ ಬ್ಯಾಡ" ಎಂದಿದ್ದರು. ಮೊದಲ ದಿನ ತಾಟು ಹಾಗೇ ವಾಪಸಾಯಿತು. ಎರಡನೆಯ ದಿನವೂ. "ಕೂಸನ್ನ ಉಪಾಸ ಕೆಡವಾಕತ್ತೀರಿ" ಎಂದು ಅತ್ತೆ ಮಾತು ಬಿಟ್ಟರು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಹಾಕಿದೆ.

ನಾಲ್ಕನೆಯ ದಿನ ಅವಳು ಸೌತೆಕಾಯಿ ಎತ್ತಿಕೊಂಡಳು. ಮೂಸಿದಳು, ನೆಕ್ಕಿದಳು, ತಾಟಿಗಿಟ್ಟಳು. ನಾನು ಅವಳತ್ತ ಬಾಗಿದೆ. ಅಕ್ಕಾರು ನನ್ನ ಮೊಣಕಾಲು ಒತ್ತಿದರು. "ಆ ಕಡೆ ನೋಡಬ್ಯಾಡ. ನಿನ್ನ ರೊಟ್ಟಿ ನೀ ಉಣ್ಣು." ಗೋಡೆ ನೋಡುತ್ತ ಅಗಿಯತೊಡಗಿದೆ. ಪಕ್ಕದಲ್ಲಿ ಕಟುಂ ಎಂದು ಸದ್ದಾಯಿತು. ಆಮೇಲೆ ಮತ್ತೊಂದು.

ಆ ಸೌತೆಕಾಯಿಯಿಂದ ಅರ್ಧ ರೊಟ್ಟಿಗೆ ಬರಲು ಆರು ತಿಂಗಳು ಹಿಡಿಯಿತು. ಕೆಲವು ವಾರ ಹಿಂದಕ್ಕೂ ಹೋಯಿತು. ಅಕ್ಕಾರು ಒಮ್ಮೆಯೂ ಅವಸರ ಮಾಡಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು, ಖಾನಾವಳಿ ಮುಚ್ಚಿತು. ಮಗಳಿಗೆ ಈಗ ಒಂಬತ್ತು. ಬದನೆಕಾಯಿಯನ್ನು ಇವತ್ತಿಗೂ ಬದಿಗೆ ಸರಿಸುತ್ತಾಳೆ. ಏನೋ ಅನ್ನಲು ಹೋಗಿ ಸುಮ್ಮನಾಗುತ್ತೇನೆ. ಅಷ್ಟು ಸುಮ್ಮನಿರುವುದನ್ನು ಕಲಿಯಲು ನನಗೆ ಅಕ್ಕಾರು ಬೇಕಾದರು.